ಮೀಸೆಯಿದ್ದ ಸವತಿ

ಹೆಣಿಗೆಯಕ್ಕನ ಗಂಡ ಯುದ್ಧದಿಂದ ಬದುಕಿ ಬಂದ. ಆದರೆ ಒಬ್ಬನೇ ಬರಲಿಲ್ಲ, ಅದೇ ಅವಳ ಗೋಳು.

ಯುದ್ಧ ಶುರುವಾದಾಗ ಊರಿನವರೇ ಹೆಸರು ಬರೆಸಿ ಒಂದು ಪಲ್ಟನ್ ಕಟ್ಟಿಕೊಂಡಿದ್ದರು. ಬಡಗಿ, ಗುಮಾಸ್ತ, ಮೇಷ್ಟ್ರು ಎಲ್ಲ ಸೇರಿ ಅವರ ಬೀದಿಯೊಂದರಿಂದಲೇ ಹನ್ನೊಂದು ಜನ ಹೋದರು. ಬೀಗ ರಿಪೇರಿ ಮಾಡುವ ಅವಳ ಗಂಡನೂ ಹೋದ. ಮದುವೆಯಾಗಿ ಆಗ ಐದೇ ತಿಂಗಳು.

ಅವಳು ಕಾಲುಚೀಲದ ಕಾರ್ಖಾನೆಗೆ ಸೇರಿದಳು. ಉಳಿದದ್ದನ್ನು ಯಂತ್ರ ಹೆಣೆಯುತ್ತಿತ್ತು; ಹಿಮ್ಮಡಿಯ ತಿರುವು ಮಾತ್ರ ಕೈಯಿಂದಲೇ ಆಗಬೇಕು. ಅದರಲ್ಲಿ ಅವಳದು ಎತ್ತಿದ ಕೈ. ಗಂಡನಿಗೆಂದು ತನ್ನ ಮದುವೆಯ ಶಾಲನ್ನೇ ಬಿಚ್ಚಿ ಆ ಉಣ್ಣೆಯಲ್ಲಿ ಒಂದು ಜೋಡಿ ಹೆಣೆದಳು. ಅವನ ಎಡಪಾದ ಬಲಪಾದಕ್ಕಿಂತ ಒಂದು ಬೆರಳಗಲ ಉದ್ದ. ಕಾಲುಚೀಲವನ್ನೂ ಹಾಗೆಯೇ ಹೆಣೆದು, ಎಡದ್ದರ ಅಂಚಿಗೆ ಗುರುತಿಗೆಂದು ಒಂದು ನೀಲಿ ಎಳೆ ಸೇರಿಸಿದಳು. ಅವನಿಂದ ಉತ್ತರ ಬಂತು: 'ಕಾಲುಚೀಲ ತಲುಪಿತು. ಬೆಚ್ಚಗಿದೆ.'

ಮೂರು ವರ್ಷದ ಮೇಲೆ ಬಂದವನಿಗೆ ಮಾತೇ ಇರಲಿಲ್ಲ. ಕಾಲುಚೀಲ ಎಲ್ಲಿ ಎಂದರೆ "ಅಲ್ಲೇ ಹೋಯ್ತು" ಎಂದ. ಆದರೆ ಭಾನುವಾರ ಉದ್ದಣ್ಣ ಬಂದನೆಂದರೆ ಅವನ ಬಾಯಿಗೆ ಹಾಕಿದ್ದ ಬೀಗ ತೆರೆದುಕೊಳ್ಳುತ್ತಿತ್ತು. ಉದ್ದಣ್ಣ ಅದೇ ಪಲ್ಟನ್ನಿನವನು, ಈಗ ಅಂಚೆ ಹಂಚುವವನು. ಇಬ್ಬರೂ ಮುಂದಿನ ಕೋಣೆಯ ಅಂಗಡಿಯಲ್ಲಿ ಕೂತು ನಗುತ್ತಿದ್ದರು. ಅವಳು ಚಹಾ ಹಿಡಿದು ಒಳಗೆ ಬಂದೊಡನೆ ನಗು ನಿಲ್ಲುತ್ತಿತ್ತು.

"ನಿನ್ನ ಸವತಿ ಬಂದ ನೋಡೇ, ಚಹಾ ಇಡು," ಎನ್ನುತ್ತಿದ್ದಳು ಅತ್ತೆ.

"ನಿಜವಾದ ಸವತಿ ಆಗಿದ್ರೆ ಜಡೆ ಹಿಡಿದು ಎಳೀಬಹುದಿತ್ತು ಅತ್ತೆ. ಇವನಿಗೆ ಮೀಸೆ ಇದೆ."

"ಮೀಸೆನೇ ಹಿಡಿದು ಎಳಿ."

ಒಮ್ಮೆ ಗಂಡನನ್ನು ಕೇಳಿಯೇಬಿಟ್ಟಳು. "ನಂಗೂ ಒಂದು ಹೇಳಿ, ಅಲ್ಲಿಂದು."

"ಹೇಳೋಕೇನಿದೆ? ನಡೆದ್ವಿ. ಕೆಸರು."

"ಅವರಿಗೆ ಹೇಳ್ತೀರಲ್ಲ?"

"ಅವನಿಗೆ ಏನೂ ಹೇಳಬೇಕಾಗಿಲ್ಲ. ಅದಕ್ಕೇ."

ಆ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಎಷ್ಟೋ ದಿನ ಹಲ್ಲಿಗೆ ತಾಗುತ್ತಲೇ ಇತ್ತು. ಆ ಮೂರು ವರ್ಷದ ಕತೆಯನ್ನು ಇಡಿಯಾಗಿ ಹೇಳಿ ಎಂದೇನೂ ಅವಳು ಕೇಳಿರಲಿಲ್ಲ. ಅದರಲ್ಲಿ ತನ್ನದೂ ಒಂದು ಎಳೆ ಇತ್ತು ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು.

ಮಳೆ ಹಿಡಿದ ಒಂದು ಭಾನುವಾರ ಉದ್ದಣ್ಣ ಬಂದಾಗ ಗಂಡ ಮನೆಯಲ್ಲಿರಲಿಲ್ಲ. ಯಾರದೋ ಮನೆಯ ಕಚ್ಚಿಕೊಂಡ ಬೀಗ ತೆಗೆಯಲು ಹೋಗಿದ್ದ. ಉದ್ದಣ್ಣ ಬಾಗಿಲಲ್ಲೇ ಒದ್ದೆ ಬೂಟು ಕಳಚಿದ. ಎಡಗಾಲಿನ ಕಾಲುಚೀಲದ ಅಂಚಿನಲ್ಲಿ ಒಂದು ನೀಲಿ ಎಳೆ.

ಗೆಳೆತನವಾಯಿತು, ನಗುವಾಯಿತು, ಕೊನೆಗೆ ಇದೂ ಇವನಿಗೇ?

"ಬಿಚ್ಚಿ ಅದನ್ನ," ಎಂದಳು.

"ಅತ್ತಿಗೆ?"

"ಅದು ನಾನು ಅವರಿಗೆ ಹೆಣೆದಿದ್ದು. ಅವರೇ ನಿಮಗೆ ಕೊಟ್ಟರಾ?"

"ಕೊಡೋದಾ? ಅವನಾ?" ಉದ್ದಣ್ಣ ನಕ್ಕುಬಿಟ್ಟ. "ಮನೆಗಳಿಂದ ಬಂದ ಗಂಟುಗಳನ್ನೆಲ್ಲ ಒಟ್ಟಿಗೆ ಸುರಿದು ಚೀಟಿ ಎತ್ತೋದು ನಮ್ಮ ತಂಡದ ರೂಢಿ, ಅತ್ತಿಗೆ. ಹಿಂದೆ ಮುಂದೆ ಯಾರೂ ಇಲ್ಲದವರಿಗೂ ಏನಾದ್ರೂ ಸಿಗಲಿ ಅಂತ. ಅವನಿಗೆ ಒಂದು ಡಬ್ಬಿ ಮೀಸೆ ಎಣ್ಣೆ ಬಂತು, ನನಗೆ ಇದು. ಹಾಕ್ಕೊಂಡು ನೋಡಿದ್ರೆ ಎಡದ್ದು ದೊಗಳೆ, ಬಲದ್ದು ಬಿಗಿ. ಯಾವಳಪ್ಪಾ ಇದನ್ನ ಹೆಣೆದಿದ್ದು, ಅಳತೆನೇ ಗೊತ್ತಿಲ್ಲ ಅಂದೆ. ನಿಮ್ಮವನು ಮುಖಕ್ಕೆ ಗುದ್ದಿದ." ತುಟಿ ಎತ್ತಿ ಮುರಿದ ಹಲ್ಲು ತೋರಿಸಿದ. "ಎಲ್ರೂ ಇದನ್ನ ಶತ್ರು ಮುರಿದ ಹಲ್ಲು ಅನ್ಕೊಂಡಿದ್ದಾರೆ."

ಒಳಗಿನಿಂದ ಅತ್ತೆ ಕಿಸಕ್ಕನೆ ನಕ್ಕಳು.

"ಹಾಗಾದ್ರೆ ನೀನೇ ಹಾಕ್ಕೋ ಮಾರಾಯ ಅಂದೆ. ಚೀಟಿ ಅಂದ್ರೆ ಚೀಟಿ ಅಂದ. ಆದ್ರೆ ದಿನಾ ಸಂಜೆ ಅವನ ಕಣ್ಣು ನನ್ನ ಕಾಲ ಮೇಲೇ. ತೂತು ಬಿದ್ರೆ ಅವನೇ ಹೊಲಿಯೋನು, ನನ್ನ ಕೈಗೆ ಸೂಜಿ ಕೊಡ್ತಿರಲಿಲ್ಲ. ಎರಡು ವರ್ಷ ನನ್ನ ಬೆನ್ನು ಬಿಡದೆ ಇದ್ದಿದ್ದು ನನ್ನ ಮೇಲಿನ ಪ್ರೀತಿಗಲ್ಲ ಅತ್ತಿಗೆ, ಇದನ್ನ ಕಾಯೋಕೆ. ಇವತ್ತು ಬೇರೆ ಜೋಡಿಯೆಲ್ಲ ಒದ್ದೆ, ಇದೊಂದೇ ಒಣಗಿತ್ತು ಅಂತ ಹಾಕ್ಕೊಂಡೆ."

ಅವನು ಬಿಚ್ಚಿಕೊಟ್ಟ. ಹಿಮ್ಮಡಿಯಲ್ಲಿ ಏಳೆಂಟು ಕಡೆ ದಪ್ಪ ಬೂದು ನೂಲಿನ ಹೊಲಿಗೆ. ತಂತಿ ಸುತ್ತಿ ಬಿಗಿದ ಹಾಗಿದ್ದ ಒರಟು ಹೊಲಿಗೆ, ಬೀಗದವನ ಕೈಯದು. ಅವಳು ಅದರ ಮೇಲೆ ಬೆರಳಾಡಿಸುತ್ತ ನಿಂತಿದ್ದಾಗಲೇ ಗಂಡ ಬಂದ. ಅವಳ ಕೈ ನೋಡಿದ, ಉದ್ದಣ್ಣನ ಬರಿಗಾಲು ನೋಡಿದ.

"ಯಾಕೆ ಹೇಳಲಿಲ್ಲ?" ಎಂದಳು.

ಅವನು ಸಲಕರಣೆಯ ಚೀಲ ಕೆಳಗಿಟ್ಟ. "ಇವನ ಕಾಲಲ್ಲಿ ಅದನ್ನ ನೋಡಿದ್ರೆ ಹೊಟ್ಟೆ ಉರೀತಿತ್ತು. ಅದನ್ನ ಏನಂತ ಬರೆಯೋದು?"

ಅವಳು ಅಳತೆಯ ಪಟ್ಟಿ ತಂದು ಉದ್ದಣ್ಣನ ಮುಂದೆ ಕೂತಳು. "ಕಾಲು ಚಾಚಿ."

ಎರಡು ಭಾನುವಾರ ಬಿಟ್ಟು ಅವನಿಗೆ ಎರಡೂ ಸಮನಾದ ಹೊಸ ಜೋಡಿ ಸಿಕ್ಕಿತು. ಹಳೆಯದನ್ನು ಅವಳು ಹಿಂದಿರುಗಿಸಲಿಲ್ಲ.

"ಸವತಿಗೂ ಕಾಲುಚೀಲವೇನೇ?" ಅತ್ತೆ ಕೇಳಿದಳು.

ಅಂಗಡಿಯಲ್ಲಿ ಮತ್ತೆ ಇಬ್ಬರ ನಗು. ಅವಳಿಗೆ ಈಗಲೂ ಒಂದಿಷ್ಟು ಅಸೂಯೆ. ಬಾಗಿಲ ಸಂದಿಯಿಂದ ಇಣುಕಿದಳು. ಗಂಡ ಕಾಲು ಚಾಚಿ ಕೂತಿದ್ದ, ಎಡಗಾಲಿನಲ್ಲಿ ನೀಲಿ ಎಳೆ.

"ತಗೊಳ್ಳಲಿ ಬಿಡಿ ಅತ್ತೆ," ಎಂದು ಚಹಾಕ್ಕೆ ತನಗೆಂದು ಮೂರನೆಯ ಲೋಟ ಇಟ್ಟಳು.