ವಾದದಲ್ಲಿ ಸೋಲುವ ಕ್ರಮ

ತತ್ವಶಾಸ್ತ್ರ ಓದಿದವರು ಎಲ್ಲವನ್ನೂ ಪ್ರಶ್ನಿಸುತ್ತಾರೆ ಎಂಬ ಮಾತನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ. ನಾನು ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದಲ್ಲಿ ಎಂ.ಎ. ಮುಗಿಸಿ, ಅಲ್ಲೇ ಸಂಶೋಧನೆಗೂ ಕೂತವಳು. ಅಲ್ಲಿ ಕಂಡಷ್ಟು ಒಪ್ಪಿಗೆಯನ್ನು ನಾನು ಮದುವೆಯ ಮಾತುಕತೆಯಲ್ಲೂ ಕಂಡಿಲ್ಲ. ವಿಚಾರ ಸಂಕಿರಣದಲ್ಲಿ ಯಾರೋ ಪ್ರಬಂಧ ಮಂಡಿಸುತ್ತಾರೆ. ಅಧ್ಯಕ್ಷರು ಅದನ್ನು ‘ಚಿಂತನಾರ್ಹ’ ಎನ್ನುತ್ತಾರೆ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದೂ ಸೇರಿಸುತ್ತಾರೆ. ಅಷ್ಟರಲ್ಲಿ ಬಾಗಿಲ ಬಳಿ ಚಹಾ ಕಪ್ಪುಗಳ ಸದ್ದಾಗುತ್ತದೆ. ಜಗತ್ತು ಇದೆಯೋ ಇಲ್ಲವೋ ಎಂಬ ಚರ್ಚೆ ಆ ಸದ್ದನ್ನು ಮೀರಿ ನಿಂತದ್ದನ್ನು ನಾನಂತೂ ನೋಡಿಲ್ಲ. ಆಗ ಕೈ ಎತ್ತುವವಳು ನಾನೊಬ್ಬಳೇ. ಹಿಂದಿನ ಸಾಲಿನಿಂದ ಯಾರಾದರೂ ಉಸ್ಸೆಂದರೆ, ಅದು ನನ್ನ ಪ್ರಶ್ನೆಯ ಆಳಕ್ಕಲ್ಲ, ಆರುತ್ತಿರುವ ಚಹಾಕ್ಕೆ ಎಂದು ನನಗೂ ಗೊತ್ತು.

ಕೈ ಎತ್ತುವ ಈ ಚಟ ಹಳೆಯದು. ಶಾಲೆ, ಕಾಲೇಜುಗಳಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಚೀಟಿ ಎತ್ತಿದರೆ ಒಂದು ವಾರ ‘ಪರ’ ಬರುತ್ತಿತ್ತು, ಇನ್ನೊಂದು ವಾರ ‘ವಿರೋಧ’. ಶಿರಸಿಯಲ್ಲಿ ಮೊಬೈಲನ್ನು ಮನುಕುಲದ ಮಿತ್ರನೆಂದು ಸಾಧಿಸಿ ಬಹುಮಾನದ ಕಪ್ಪು ಗೆದ್ದೆ. ಯಲ್ಲಾಪುರದಲ್ಲಿ ಅದೇ ಮೊಬೈಲನ್ನು ಶತ್ರುವೆಂದು ಸಾಧಿಸಿ ಇನ್ನೊಂದು ಗೆದ್ದೆ. ಎರಡೂ ಸಲ ಗಂಟಲು ಒಂದೇ ಥರ ಉಬ್ಬಿತ್ತು, ಕಣ್ಣಲ್ಲಿ ಒಂದೇ ಥರ ನೀರಾಡಿತ್ತು. ಇಂಥವಳು ಮುಂದೆ ಯಾರ ಉಬ್ಬಿದ ಗಂಟಲನ್ನು ನಂಬಿಯಾಳು? ನನ್ನದನ್ನೇ ನಂಬುವುದಿಲ್ಲ.

ನಮ್ಮೂರು ಶಿರಸಿ ತಾಲೂಕಿನ ಮೂಡಣ ಅಂಚಿನಲ್ಲಿ, ಬನವಾಸಿಗೆ ಹತ್ತಿರ. ಅಪ್ಪನದು ಅನಾನಸ್ಸು, ಗೋವಿನಜೋಳದ ಬೇಸಾಯ. ನಾನು ತತ್ವಶಾಸ್ತ್ರಕ್ಕೆ ಸೇರುತ್ತೇನೆಂದಾಗ ಅವನು ಬೇಡವೆನ್ನಲಿಲ್ಲ. ಆದರೆ ಮೊದಲ ರಜೆಯಲ್ಲಿ ಊಟಕ್ಕೆ ಕೂತಾಗ ಕೇಳಿದ: “ಅಲ್ಲವಾ, ಅಲ್ಲಿ ಏನ್ ಕಲಸ್ತಾರ? ವಾದಾ ಮಾಡೂದು? ಅದು ನಿನಗ ಮೊದ್ಲ ಬರ್ತಿತ್ತಲ್ಲ, ಅದಕ್ಯಾಕ ಅಷ್ಟು ದೂರ ಹೋಗಬೇಕಿತ್ತು?” ಅವ್ವ ರೊಟ್ಟಿ ಬಡಿಯುತ್ತಲೇ, “ವಾದಾ ಬಿಡೂದು ಕಲಸ್ತಾರೇನ ಕೇಳ್ರಿ” ಎಂದಳು.

ವಾದ ಬಿಡುವುದನ್ನು ಅಲ್ಲಿ ಕಲಿಸುವುದಿಲ್ಲ ಎಂಬುದಕ್ಕೆ ಒಂದು ಸಾಕ್ಷಿ ಸಾಕು. ಎಂ.ಎ. ತರಗತಿಯ ನಾವು ಕೆಲವರು ಒಮ್ಮೆ ಮಾಗೋಡು ಜಲಪಾತಕ್ಕೆ ಹೋಗಿದ್ದೆವು. ಬೇಡ್ತಿ ಹೊಳೆ ಬಂಡೆಯಿಂದ ಬಂಡೆಗೆ ಧುಮುಕುವುದನ್ನು ಬೇರೆಯವರು ಬಾಯಿ ತೆರೆದು ನೋಡುತ್ತಿದ್ದರು. ನಾವು, ಯಾರೂ ನೋಡದಿದ್ದಾಗ ಈ ಜಲಪಾತ ಇರುತ್ತದೆಯೇ ಎಂದು ವಾದಿಸುತ್ತಾ ಬೆನ್ನು ಮಾಡಿ ಕೂತಿದ್ದೆವು. ಅಷ್ಟರಲ್ಲಿ ಮಂಗಗಳು ಬುತ್ತಿ ಒಯ್ದವು. ನಾವು ಯಾರೂ ನೋಡಿರಲಿಲ್ಲ, ಆದರೂ ಬುತ್ತಿ ಹೋಗಿತ್ತು. ಚರ್ಚೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿ, ಕಿರವತ್ತಿ ದಾಟುವವರೆಗೂ ಮುಂದುವರಿಸಿದೆವು.

ನಮ್ಮ ಹಳೆಯ ತರ್ಕಶಾಸ್ತ್ರ ಚರ್ಚೆಯಲ್ಲಿ ಮೂರು ಬಗೆ ಹೇಳುತ್ತದೆ. ಸತ್ಯ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ಮೂರನೆಯದರ ಪಾಠ ಕೇಳಿದ ದಿನ, ಕಳೆದುಹೋದ ನೆಂಟರ ಮನೆ ಸಿಕ್ಕಂತಾಯಿತು ನನಗೆ. ಪಾಠ ಮಾಡಿದವರು ಮಾಲತಿ ಮೇಡಂ. ಆಮೇಲೆ ನನ್ನ ಸಂಶೋಧನೆಗೆ ಗೈಡ್ ಆದವರು. ನನ್ನ ಮುಖ ಅರಳಿದ್ದನ್ನು ಕಂಡು, “ಅಲ್ಲಿಗೆ ಹೋಗಿ ಬಾ, ಅಡ್ಡಿಯಿಲ್ಲ. ಬಿಡಾರ ಹೂಡಬೇಡ” ಎಂದರು.

ಮೇಡಂ ಸಿದ್ದಾಪುರದವರು. ತಂದೆ ತಾಳಮದ್ದಳೆಯಲ್ಲಿ ಹೆಸರಾದ ಅರ್ಥಧಾರಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆ ಉಟ್ಟು, ಶಾಲು ಹೊದ್ದು ಎದುರುಬದುರು ಕೂತವರು ಆ ಪದ್ಯದ ಪಾತ್ರಗಳಾಗಿ ಮಾತಿಗೆ ಮಾತು ಬೆಳೆಸುತ್ತಾರೆ. ಆ ಮಾತೇ ‘ಅರ್ಥ’, ಆಡುವವರು ಅರ್ಥಧಾರಿಗಳು. ಪದ್ಯ ಮೊದಲೇ ಬರೆದದ್ದು, ಮಾತು ಆ ಕ್ಷಣ ಹುಟ್ಟಿದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರುಗಳಲ್ಲಿ ಜನ ಇದನ್ನು ಎಲೆಅಡಿಕೆಯ ಕವಳ ಜಗಿಯುತ್ತಾ ಗಂಟೆಗಟ್ಟಲೆ ಕೇಳುತ್ತಾರೆ. ಇದರ ಮೇಲೇ ಸಂಶೋಧನೆ ಮಾಡು ಎಂದರು ಮೇಡಂ. ಸತ್ಯಕ್ಕಾಗಿ ಮಾಡುವ ವಾದ ಪುಸ್ತಕದಲ್ಲಿ ಸತ್ತರೂ ಇಲ್ಲಿ ಉಳಿದಿದೆ ಎಂಬುದು ಅವರ ಜೀವಮಾನದ ನಂಬಿಕೆ. “ಸೋಲುವವ ಅಲ್ಲಿ ನಿಜವಾಗಿ ಬದಲಾಗ್ತಾನೆ. ಎದುರಿನವನ ಮಾತು ಒಳಗಿಳಿದ ಮೇಲೇ ತಲೆ ಬಾಗೋದು” ಎನ್ನುತ್ತಿದ್ದರು.

ನನಗೆ ಆಗಲೇ ನಾಲಿಗೆ ತುರಿಸಿತು. ಯಾರು ಸೋಲಬೇಕೆಂದು ಪದ್ಯದಲ್ಲಿ ಮೊದಲೇ ಬರೆದಿದೆಯಲ್ಲ? ತಲೆ ಬಾಗಿಸುವುದು ಮಾತೋ, ಮುಂದಿನ ಪದ್ಯವೋ?

ಇದನ್ನು ಪರೀಕ್ಷಿಸುವ ಅವಕಾಶ ಯಲ್ಲಾಪುರದ ಕಡೆಯ ಉಮ್ಮಚಗಿಯಲ್ಲಿ ಒಂದು ಭಾನುವಾರ ತಾನಾಗಿ ಬಂತು. ಮಧ್ಯಾಹ್ನದ ತಾಳಮದ್ದಳೆ. ಮೇಡಂ ತಮ್ಮ ಕಾರಿನಲ್ಲಿ ನನ್ನನ್ನೂ ಕರೆದೊಯ್ದಿದ್ದರು. ಅಂಕೋಲೆಯಿಂದ ಬರಬೇಕಿದ್ದ ಒಬ್ಬ ಅರ್ಥಧಾರಿ ಘಟ್ಟದಲ್ಲಿ ಲಾರಿ ಮಗುಚಿ ರಸ್ತೆ ಕಟ್ಟಿದ್ದರಿಂದ ಸಿಕ್ಕಿಬಿದ್ದರು. ಮೂಲೆಯಲ್ಲಿ ರೆಕಾರ್ಡರು ಹಿಡಿದು ಕೂತಿದ್ದ ನನ್ನ ಕಡೆ ಭಾಗವತರು ತಿರುಗಿದರು. “ಯಾವಾಗ್ಲೂ ಬರ್ಕಂಡೇ ಇದ್ರೆ ಎಂತಾತು? ಇವತ್ತು ಮಾತಾಡು ತಂಗಿ. ಅಡ್ಡಿಲ್ಲೆ, ಸಣ್ಣ ರಾಜ.”

ಸಣ್ಣ ರಾಜನ ಕೆಲಸವೂ ಸಣ್ಣದು. ಚಕ್ರವರ್ತಿಯ ಯಾಗದ ಕುದುರೆ ಅವನ ಸೀಮೆಗೆ ಬರುತ್ತದೆ, ಅವನು ಕಟ್ಟಿಹಾಕುತ್ತಾನೆ. ಚಕ್ರವರ್ತಿಯ ದೂತ ಬಂದು ಬುದ್ಧಿ ಹೇಳುತ್ತಾನೆ; ರಾಜ ಸ್ವಲ್ಪ ಹಾರಾಡಿ, ಮನಸ್ಸು ಕರಗಿ, ಕುದುರೆ ಬಿಡುತ್ತಾನೆ. ಕಥೆ ಮುಂದೆ ಹೋಗುತ್ತದೆ. ದೂತನಾಗಿ ಕೂತವರು ಗಣಪಣ್ಣ, ನಿವೃತ್ತ ಮಾಸ್ತರು, ಮಾತಿನಲ್ಲಿ ಬೆಣ್ಣೆ. ಧರ್ಮ, ಸಾಮ್ರಾಜ್ಯ, ಚಕ್ರವರ್ತಿ ಕೊಡುವ ರಕ್ಷಣೆ ಎಂದು ಚೆಂದದ ಪೀಠಿಕೆ ಹಾಕಿದರು. ನಾನು ಕೇಳಿದೆ: “ದೂತನೇ, ನಿನ್ನೊಡೆಯನ ಕುದುರೆ ಕೇಳದೆ ನನ್ನ ನೆಲಕ್ಕೆ ಬಂತು. ಹಿಂದೆ ಸೈನ್ಯವೂ ಬಂತು. ಇದು ಯಾಗವೋ, ಅತಿಕ್ರಮಣವೋ?”

ಸಭೆ ಒಮ್ಮೆಲೇ ನಕ್ಕಿತು. ಸರ್ಕಾರ ‘ಅತಿಕ್ರಮಣ’ ಎನ್ನುವ ಕಾಡಿನಂಚಿನ ಜಮೀನಿನ ಹಕ್ಕಿಗಾಗಿ ಕಚೇರಿ ಸುತ್ತಿ ಚಪ್ಪಲಿ ಸವೆಸಿದವರ ಸೀಮೆ ಅದು. ಆ ಒಂದು ಶಬ್ದ ಸಾಕಿತ್ತು. ನಾನು ಉಬ್ಬಿದೆ. ಗಣಪಣ್ಣ ರಕ್ಷಣೆಯ ಮಾತೆತ್ತಿದರೆ, ಬೇಡವೆಂದವನಿಗೆ ಕೊಡುವ ರಕ್ಷಣೆಗೆ ಹೆಸರೇನೆಂದು ಕೇಳಿದೆ. ಅವರು ತಡವರಿಸಿದರು. ಭಾಗವತರು ರಾಜ ಮಣಿಯುವ ಪದ್ಯ ಹಾಡಿದರು. ನಾನು ಮಣಿಯಲಿಲ್ಲ, ಇನ್ನೊಂದು ವಾದ ತೆಗೆದೆ. ಅದೇ ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿದರು. ನಾನು ಮತ್ತೆ ಬಾಯಿ ತೆರೆದೆ. ಮದ್ದಳೆಯವರು ಬೆರಳು ನೆಟಿಗೆ ಮುರಿಯತೊಡಗಿದರು. ಹಿಂದಿನಿಂದ ಒಬ್ಬರು ಕೂಗಿದರು: “ಕುದುರೆ ಬಿಡೇ ತಂಗಿ, ಯಲ್ಲಾಪುರದ ಕಡೇ ಬಸ್ಸು ಹೋಗ್ತು!”

ಮುಂದಿನ ಸಾಲಿನಲ್ಲಿದ್ದ ಮೇಡಂ, ನನ್ನೊಡನೆ ಎಂದೂ ಆಡದ ತಮ್ಮ ಮನೆಮಾತಿನಲ್ಲಿ, “ಸಾಕೇ ಕೂಸೆ, ಬಿಡು” ಎಂದರು.

ಬಿಟ್ಟೆ. ಆದರೆ ಹೇಗೆ ಬಿಟ್ಟೆ? “ದೂತನೇ, ನಿನ್ನ ಮಾತಿನಿಂದ ನಾನು ಒಪ್ಪಿಲ್ಲ. ಭಾಗವತರ ಗಂಟಲಿನ ಮೇಲಿನ ಕನಿಕರದಿಂದ ಕುದುರೆ ಬಿಡುತ್ತಿದ್ದೇನೆ” ಎಂದುಬಿಟ್ಟೆ. ಅರ್ಥ ಹೇಳುವವರು ಸಾವಿರ ತಪ್ಪು ಮಾಡಬಹುದು, ಇದೊಂದನ್ನು ಮಾಡುವುದಿಲ್ಲ. ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಮಾತನ್ನು ರಾಜನ ಬಾಯಲ್ಲಿ ಆಡಿಸಿದ್ದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ.

ಅವಲಕ್ಕಿ ತಿನ್ನುವಾಗ ಗಣಪಣ್ಣ ಪಕ್ಕಕ್ಕೆ ಬಂದು ಕೂತರು. “ನಿಂಗೆ ಹೇಳಲೆ ಯನ್ ಹತ್ರ ಉತ್ತರ ಇತ್ತಿಲ್ಲೆ, ನಿಜ. ಆದ್ರೆ ಮುಂದಿನ ಪದ್ಯ ಇತ್ತು” ಎಂದರು. ಸ್ವಲ್ಪ ತಡೆದು, “ನಿನ್ನ ಕಟ್ಗಂಬ ಗಂಡು ಮಾತ್ರ ಮೊದ್ಲೇ ಸೋತ್ಕಂಡೇ ಬರವು” ಎಂದು ಸೇರಿಸಿದರು. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮದುವೆಯ ವಿಷಯವಲ್ಲ, ಮೊದಲನೆಯದು.

ಅದನ್ನೇ ಕೊನೆಯ ಅಧ್ಯಾಯವಾಗಿ ಬರೆದೆ. ತಾಳಮದ್ದಳೆಯಲ್ಲಿ ಯಾರೂ ಯಾರ ಮಾತಿನಿಂದಲೂ ಬದಲಾಗುವುದಿಲ್ಲ. ಹೊತ್ತಾದಾಗ ಒಬ್ಬರು ದಾರಿ ಬಿಡುತ್ತಾರೆ, ನೋಡುವವರು ಅದನ್ನು ಒಪ್ಪಿಗೆಯೆಂದು ತಿಳಿಯುತ್ತಾರೆ. ಬರೆಯುವ ಹುರುಪಿನಲ್ಲಿ ಇನ್ನೊಂದು ಸಾಲೂ ಹಾಕಿದೆ: ತಾಳಮದ್ದಳೆಯಲ್ಲಷ್ಟೇ ಅಲ್ಲ, ಎಲ್ಲೆಡೆಯೂ ಇಷ್ಟೇ. ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಕೊಟ್ಟರೆ, ಈ ಅಧ್ಯಾಯ ನನ್ನದೇ ಹಳೆಯ ಲೇಖನವನ್ನು ಬಹಳ ಹೋಲುತ್ತದೆ ಎಂದಿತು. ನನ್ನೊಂದಿಗೆ ನಾನು ಇಷ್ಟು ಒಪ್ಪುತ್ತೇನೆಂಬುದು ನನಗೇ ಹೊಸ ಸುದ್ದಿ.

ಮೇಡಂ ಓದಿ ಹಾಳೆಗಳನ್ನು ಮಡಚಿಟ್ಟರು. “ನೀನು ಕೂತದ್ದು ಒಂದೇ ದಿನ. ಅವತ್ತು ಬಾಗಲಿಲ್ಲ. ಬಾಗದವಳು ಬಾಗಿದವರ ಒಳಗನ್ನು ಹೇಗೆ ಬರೀತೀಯ?” ಎಂದರು. ಆಮೇಲೆ ತಮ್ಮ ತಂದೆಯ ಕಥೆ ಹೇಳಿದರು. ಮಗಳನ್ನು ಹೊರಗೆ ಕಳಿಸದ ಹಟಮಾರಿ ಅರಸನ ಅರ್ಥ ಹೇಳಿ, ಎದುರಾಳಿಯ ಮಾತಿಗೆ ಸೋತು ಬಂದ ಅವರು, ಮರುದಿನ ಬೆಳಿಗ್ಗೆ ಮಾಲತಿಯನ್ನು ಕಾಲೇಜಿಗೆ ಕಳಿಸುವುದೆಂದು ಮನೆಯಲ್ಲಿ ಸಾರಿದರಂತೆ. “ನಾನು ಈ ವಿಭಾಗದಲ್ಲಿ ಕೂತಿರೋದೇ ಆ ಸೋಲಿನಿಂದ.”

ಅಲ್ಲಿ ನಾನು ಸುಮ್ಮನಿರಬಹುದಿತ್ತು. “ಒಂದರ ನಂತರ ಆದದ್ದು ಅದರಿಂದಲೇ ಆಯಿತು ಎನ್ನಲಾಗದಲ್ಲ ಮೇಡಂ. ಅವರು ಮೊದಲೇ ನಿರ್ಧರಿಸಿದ್ದಿರಬಹುದು” ಎಂದೆ. ತರ್ಕದಲ್ಲಿ ದೋಷವಿರಲಿಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿದರು. ಅದು ಮೊದಲೇ ಸ್ವಚ್ಛವಾಗಿತ್ತು.

ಈಗಿನ ಪೇಚು ಇದು. ಈ ವರ್ಷದ ಕೊನೆಗೆ ಮೇಡಂ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಯಾರೂ ಬಂದಿಲ್ಲ, ಈ ವಿಷಯ ನೋಡುವ ಇನ್ನೊಬ್ಬ ಗೈಡ್ ವಿಭಾಗದಲ್ಲಿಲ್ಲ. ಅಷ್ಟರೊಳಗೆ ಅವರ ಸಹಿ ಬೀಳದಿದ್ದರೆ ಹೊಸ ವಿಷಯ ಹಿಡಿದು ಮೊದಲಿನಿಂದ ಶುರು ಮಾಡಬೇಕು. ಹಾಸ್ಟೆಲಿನ ಗೆಳತಿಯರದು ಒಂದೇ ಸಲಹೆ: “ಕೊನೇ ಅಧ್ಯಾಯ ಯಾರ್ ಓದ್ತಾರೆ ಮಾರಾಯ್ತಿ, ಮೇಡಂ ಹೇಳಿದ್ದು ಬರ್ದು ಕೊಡು.” ಸರಿ, ಬರೆದು ಕೊಡುತ್ತೇನೆ ಎಂದುಕೊಳ್ಳಿ. ಒಪ್ಪದೆ, ಹೊತ್ತಾಯಿತೆಂದು ದಾರಿ ಬಿಟ್ಟಂತಾಯಿತು. ಅಂದರೆ ನನ್ನ ವಾದವೇ ಗೆದ್ದಿತು. ಆದರೆ ಮಹಾಪ್ರಬಂಧದಲ್ಲಿ ಅದಕ್ಕೆ ವಿರುದ್ಧವಾದದ್ದೇ ಅಚ್ಚಾಗಿರುತ್ತದೆ! ಇದನ್ನು ಯೋಚಿಸುತ್ತಾ ವರಾಂಡದಲ್ಲಿ ಎಷ್ಟು ಅಡ್ಡಾಡಿದೆನೆಂದರೆ, ಕಚೇರಿಯ ಗುಮಾಸ್ತರು ಹೊರಬಂದು, “ಏನಾರ ಕಳಕೊಂಡೀರೇನ್ರಿ?” ಎಂದು ಕೇಳಿದರು. ಕೊನೆಗೆ ಅಧ್ಯಾಯವನ್ನು ಬದಲಿಸಲಿಲ್ಲ. ಒಂದು ಅಕ್ಷರವನ್ನೂ.

ಮೊನ್ನೆ ಮೇಡಂ ಸಿದ್ದಾಪುರದಿಂದ ಹೊರಟವರು ಶಿರಸಿಯಲ್ಲಿ ನನ್ನನ್ನು ಹತ್ತಿಸಿಕೊಂಡರು. ವಿಶ್ವವಿದ್ಯಾಲಯಕ್ಕೆ ಮರಳುವ ದಾರಿ. ಕಿರವತ್ತಿಯ ಧಾಬಾದಲ್ಲಿ ಚಹಾಕ್ಕೆ ನಿಂತೆವು. ಹೆದ್ದಾರಿಯ ಲಾರಿಗಳು ಒಂದರ ಹಿಂದೊಂದು ಅಬ್ಬರಿಸುತ್ತಿದ್ದವು. ಮೇಡಂ ಕೈ ಚಾಚಿ ಅಧ್ಯಾಯ ಕೇಳಿದರು, ಮೇಜಿನ ಮೇಲಿಟ್ಟು ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಉತ್ತರಗಳನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ಕೂತಿದ್ದೆ. ಅವರು ಏನೂ ಕೇಳಲಿಲ್ಲ. ಪೆನ್ನು ತೆಗೆದು ಸಹಿ ಹಾಕಿದರು. “ಆಯ್ತು. ನಿನ್ನ ವಾದವೇ ಇರಲಿ” ಎಂದರು.

ಗೆದ್ದೆನಲ್ಲ, ಕುಣಿಯಬೇಕಿತ್ತು. ಚಹಾವನ್ನು ಬದಿಗಿಟ್ಟೆ. ಲೆಕ್ಕ ಹಾಕಿ ನೋಡಿ. ಮೇಡಂ ನನ್ನ ಮಾತಿಗೆ ನಿಜವಾಗಿ ಮನಸ್ಸು ಬದಲಿಸಿದ್ದರೆ, ಮಾತಿನಿಂದ ಜನ ಬದಲಾಗುತ್ತಾರೆ ಎಂಬ ಅವರ ನಂಬಿಕೆಯೇ ನಿಜ. ಅವರು ಈಗಷ್ಟೇ ಸಹಿ ಹಾಕಿದ ನನ್ನ ಅಧ್ಯಾಯ ಸುಳ್ಳು. ಬದಲಿಸದೆ, ನಿವೃತ್ತಿ ಹತ್ತಿರ ಬಂತು, ಹುಡುಗಿಯ ಬದುಕು ಕೆಡಬಾರದು ಎಂದು ಹಾಕಿದ್ದರೆ ನನ್ನ ಅಧ್ಯಾಯ ನಿಜ; ಆದರೆ ನಾನು ಯಾರನ್ನೂ ಗೆದ್ದಿಲ್ಲ. ಚೀಟಿ ಎತ್ತುತ್ತಿದ್ದ ಕಾಲದಿಂದ ಇಂದಿನವರೆಗೆ, ನನ್ನ ವಾದ ತಪ್ಪಾಗಿರಲಿ ಎಂದು ನನಗೆ ಅನ್ನಿಸಿದ್ದು ಇದೇ ಮೊದಲು.

ಮೇಡಂ ಎದ್ದು ಕಾರಿನ ಕಡೆ ಹೊರಟರು. ನಾನು ಹಿಂದೆಯೇ ಓಡಿದೆ. ಅವರು ಬಾಗಿಲು ತೆಗೆದು ಒಳಗೆ ಕೂತು, ಬೆಲ್ಟನ್ನು ಎಳೆದುಕೊಳ್ಳುತ್ತಿದ್ದರು. ನಾನು ಕಿಟಕಿಗೆ ಬಗ್ಗಿ, ಲಾರಿಗಳ ಸದ್ದನ್ನು ಮೀರಿ ಕೇಳಿದೆ:

“ಮೇಡಂ, ನಿಜ ಹೇಳಿ, ನೀವು ಒಪ್ಪಿದಿರೋ, ದಾರಿ ಬಿಟ್ಟಿರೋ?”