ಚೆಂಡಿಗೆ ಹಚ್ಚಿದ ಎಣ್ಣೆ

ಫುಟ್‌ಬಾಲಿನಲ್ಲಿ ನನ್ನ ಪಾಲಿಗೆ ಬಂದದ್ದು ಗಂಟಲು ಮಾತ್ರ. ಕಾಲುಗಳೂ ಇದ್ದವು, ಆದರೆ ಚೆಂಡು ಕಂಡೊಡನೆ ಅವು ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಹಾಗಾಗಿ ರಾಯಚೂರಿನ ನಮ್ಮ ಇಂಟರ್ ಕಾಲೇಜಿನ ತಂಡ ಯಾವ ಊರಿಗೆ ಹೋದರೂ ನಾನು ಬೆನ್ನು ಹತ್ತುತ್ತಿದ್ದೆ, ಗೋಲಿನ ಹಿಂದೆ ನಿಂತು ಬಾಯಿ ಹರಿಯುವ ಹಾಗೆ ಒದರುತ್ತಿದ್ದೆ. ಅವು ಯುದ್ಧದ ದಿನಗಳು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಮಾಸ್ತರರು ಉರ್ದುವಿನಲ್ಲಿ ಪಾಠ ಹೇಳುತ್ತಿದ್ದರು, ಒದರುವ ನಾವು ಏಳೆಂಟು ಜನ ಕಿಟಕಿಯಾಚೆ ಮೈದಾನ ನೋಡುತ್ತಿದ್ದೆವು.

ಗೋಲಿನ ಹಿಂದೆಯೇ ಯಾಕೆಂದರೆ ನಮ್ಮ ಗೋಲ್‌ಕೀಪರ್ ನನ್ನ ಗೆಳೆಯ. ಅವನ ತಂದೆ ಚಪ್ಪಲಿ ಹೊಲಿಯುತ್ತಿದ್ದರು. ತಂಡದ ಚೆಂಡಿನ ಹೊಲಿಗೆ ಬಿಚ್ಚಿದರೆ ಹೊಲಿದುಕೊಡುತ್ತಿದ್ದವರೂ ಅವರೇ. ಅವರ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವನೇ ಮೊದಲಿಗ. ತರಗತಿಯಲ್ಲಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಒಬ್ಬನೇ ಕೂರುತ್ತಿದ್ದ. ಬಾಯಾರಿದರೆ ಯಾರಾದರೂ ಎತ್ತಿ ಹೊಯ್ಯುವವರೆಗೆ ಬೊಗಸೆ ಹಿಡಿದು ಕಾಯುತ್ತಿದ್ದ. ಮೈದಾನದಲ್ಲಿ ಮಾತ್ರ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ. ಹಾಗೆಂದು ಅಲ್ಲಿಯೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೆಲವರು ‘ಏ ಕೀಪರ್’ ಎನ್ನುತ್ತಿದ್ದರು, ಹೆಚ್ಚಿನವರು ಜಾತಿ ಹಿಡಿದೇ ಕೂಗುತ್ತಿದ್ದರು. ನಾನು ಹೆಸರು ಹಿಡಿದು ಒದರುತ್ತಿದ್ದೆ. ಅದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಅವನ ಹೆಸರು ಎರಡೇ ಅಕ್ಷರದ್ದು, ಒದರಲು ಸಲೀಸಾಗಿತ್ತು.

ದೇವದುರ್ಗದಲ್ಲಿ ತಹಸೀಲು ಕಚೇರಿಯ ಗುಮಾಸ್ತರು, ಪೊಲೀಸರು, ಶಾಲೆಯ ಮಾಸ್ತರರು ಕೂಡಿ ಒಂದು ತಂಡ ಕಟ್ಟಿದ್ದರು. ಅವರ ಜೊತೆ ಆಡಲು ನಮಗೆ ಕರೆ ಬಂತು. ನಮ್ಮ ಕಡೆ ಆಗ ಒಂದು ರೂಢಿಯಿತ್ತು: ಊಟ ಕರೆದವರದು, ಚೆಂಡು ಹೋದವರದು. ಹೊರಡುವ ಹಿಂದಿನ ದಿನ ಚೆಂಡು ಒಂದು ರಾತ್ರಿಯಾದರೂ ನಮ್ಮ ಮನೆಯಲ್ಲಿರಲಿ ಎಂದು ನಾನು ಗೋಗರೆದೆ. ಒದರುವವನಿಗೂ ತಂಡದಲ್ಲಿ ಒಂದು ಕೆಲಸ ಬೇಕೆಂಬ ಆಸೆ. ಗೆಳೆಯ ಚೆಂಡನ್ನು ಕೊಟ್ಟ, ಜೊತೆಗೆ ಎಲೆಯಲ್ಲಿ ಕಟ್ಟಿದ ಒಂದು ಚೂರು ಆಡಿನ ಚರಬಿಯನ್ನೂ ಕೊಟ್ಟ. ಹೊಲಿಗೆಯ ಮೇಲೆ ಉಗುರಿನಷ್ಟು ತಿಕ್ಕಿ, ಒಣ ಬಟ್ಟೆಯಿಂದ ಒರೆಸಿಬಿಡು ಎಂದು ಹೇಳಿಕೊಟ್ಟ.

ನಮ್ಮದು ಮಡಿ ಮೈಲಿಗೆಯ ಮನೆ. ತೊಗಲಿನ ಚೆಂಡು ದನದ ಕೊಟ್ಟಿಗೆಯಲ್ಲಿ ಮಲಗಲು ಅವ್ವ ಒಪ್ಪಿದ್ದೇ ಹೆಚ್ಚು. ಇನ್ನು ಆಡಿನ ಕೊಬ್ಬನ್ನು ಒಳಗೆ ತಂದರೆ ನನ್ನನ್ನೂ ಚೆಂಡಿನ ಜೊತೆ ಕೊಟ್ಟಿಗೆಯಲ್ಲೇ ಮಲಗಿಸುತ್ತಿದ್ದಳು. ಚರಬಿಯನ್ನು ದಾರಿಯಲ್ಲೇ ನಾಯಿಗೆ ಎಸೆದೆ. ಅದೂ ಜಿಡ್ಡು, ಇದೂ ಜಿಡ್ಡು ಎಂದುಕೊಂಡು ಅಡುಗೆಮನೆಯಿಂದ ಅರ್ಧ ಬಟ್ಟಲು ಶೇಂಗಾ ಎಣ್ಣೆ ತಂದು, ಕೂಸಿಗೆ ನೀರು ಎರೆಯುವ ಮುಂಚೆ ತಿಕ್ಕುತ್ತಾರಲ್ಲ ಹಾಗೆ, ತೊಗಲು ಕುಡಿಯುವಷ್ಟೂ ಕುಡಿಸಿದೆ. ಬೆಳಿಗ್ಗೆ ಒರೆಸಿ ನೋಡಿದರೆ ಚೆಂಡು ಫಳಫಳ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಅದನ್ನು ಚೀಲದೊಳಗಿಟ್ಟು, ಯಾರ ಕೈಗೂ ಕೊಡದೆ ಮಡಿಲಲ್ಲಿ ಕೂರಿಸಿಕೊಂಡು ಹೋದೆ.

ದೇವದುರ್ಗದಲ್ಲಿ ಆಟ ಶುರುವಾದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ತೊಗಲು ಕುಡಿದಿದ್ದ ಎಣ್ಣೆಯೆಲ್ಲ ಕಾದು ಮೇಲೆ ಬಂದಿರಬೇಕು. ಅದು ಆಗ ನನಗೆ ಹೊಳೆಯಲಿಲ್ಲ. ಕಂಡದ್ದು ಇಷ್ಟೇ: ಚೆಂಡು ಹಿಡಿದಾಗಲೆಲ್ಲ ಗೆಳೆಯ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಕೈಗೆ ತಿಕ್ಕಿಕೊಳ್ಳುತ್ತಿದ್ದ. ಗರಡಿಯ ಪೈಲ್ವಾನರ ಹಾಗೆ ಗತ್ತು ಮಾಡುತ್ತಿದ್ದಾನೆ ಎಂದು ನಾನು ಇನ್ನಷ್ಟು ಒದರಿದೆ. ಒಂದು ಗೋಲು ಅವರದು, ಒಂದು ನಮ್ಮದು. ಆಟ ಮುಗಿಯಲು ಇನ್ನೇನು ಎರಡು ನಿಮಿಷ ಇರಬೇಕು, ಕಚೇರಿಯ ಒಬ್ಬ ಡೊಳ್ಳುಹೊಟ್ಟೆಯ ಗುಮಾಸ್ತರು ಏದುಸಿರು ಬಿಡುತ್ತ ಬಂದು ಚೆಂಡನ್ನು ಸುಮ್ಮನೆ ನೂಕಿದರು. ಅದು ನೆಟ್ಟಗೆ ಗೆಳೆಯನ ಕೈಗೆ ಬಂತು. ಕೈಯಿಂದ ಜಾರಿ, ಕಾಲ ಸಂದಿಯಿಂದ ಗೋಲು ದಾಟಿತು.

ಅವನ ಹೆಸರು ಹಿಡಿದು, ನಿನಗೆ ಕೈ ಇಲ್ಲವೇನಲೇ ಎಂದು ಮೊದಲು ಬೈದವನು ನಾನೇ. ಗೋಲಿಗೆ ಬಲೆ ಇರಲಿಲ್ಲ, ಚೆಂಡು ಉರುಳುತ್ತ ನನ್ನ ಕಾಲ ಬಳಿ ಬಂದು ನಿಂತಿತು. ಎತ್ತಿಕೊಳ್ಳಲು ಹೋದರೆ ನನ್ನ ಅಂಗೈಯಿಂದಲೂ ಜಾರಿತು. ಎರಡನೆಯ ಸಲ ಎದೆಗೆ ಒತ್ತಿ ಹಿಡಿದೆ. ಅಂಗಿಯ ಮೇಲೆ ಎಣ್ಣೆ ಮಣ್ಣಿನ ಕಲೆ ದುಂಡಗೆ ಮೂಡಿತು. ಅರ್ಧ ಬಟ್ಟಲು ಎಣ್ಣೆ ಆಗ ನೆನಪಾಯಿತು. ಗೆಳೆಯ ಕೈ ಚಾಚಿ ಚೆಂಡು ಇಸಿದುಕೊಂಡ, ನನ್ನ ಅಂಗಿಯನ್ನೊಮ್ಮೆ ನೋಡಿದ, ಚೆಂಡನ್ನು ಮೈದಾನದ ನಡುವಿಗೆ ಒದ್ದ.

ದೇವದುರ್ಗದವರು ಗೆದ್ದ ಹಮ್ಮು ತೋರಿಸಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಗಡಿಗೆಯ ಮೊಸರು ಮುಂದಿಟ್ಟು ಮಕ್ಕಳಿಗೆ ಬಡಿಸುವ ಹಾಗೆ ಬಡಿಸಿದರು. ಗೆಳೆಯನ ತಟ್ಟೆ ಮಾತ್ರ ಜಗಲಿಯ ಕೆಳಗಿತ್ತು. ಜಗಲಿಯ ಮೇಲೆ ನಮ್ಮವರು ತಿನ್ನುತ್ತ ಅವನಿಗೆ ಕೇಳುವ ಹಾಗೆಯೇ ಆಡಿಕೊಂಡರು. ಇಂಥವನನ್ನು ನಿಲ್ಲಿಸಿದರೆ ಇನ್ನೇನಾಗುತ್ತದೆ ಎಂದು ಒಬ್ಬ, ಮುಂದಿನ ತಿಂಗಳು ಮಾನ್ವಿಯ ಆಟಕ್ಕೆ ಇವನು ಬೇಡವೇ ಬೇಡ ಎಂದು ಇನ್ನೊಬ್ಬ. ನಮ್ಮ ಕಪ್ತಾನ ರಾಯಚೂರು ಬಜಾರಿನ ಬಟ್ಟೆ ವ್ಯಾಪಾರಿಗಳ ಮಗ, ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ. ಅವನು ಆಗಲಿ ಎಂದು ತಲೆಯಾಡಿಸಿದ. ಹತ್ತು ಜನರ ಜೊತೆ ಸರಿಸಮನಾಗಿ ನಿಲ್ಲಲು ಗೆಳೆಯನಿಗೆ ಇದ್ದದ್ದು ಆ ಗೋಲಿನ ನಡುವಿನ ಜಾಗವೊಂದೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ಮುರಿದುಕೊಂಡು ತಿಂದೆ. ಊರೆಲ್ಲ ಕೇಳುವಂಥ ಗಂಟಲು ಅಂದು ನುಂಗುವುದಕ್ಕಷ್ಟೇ ಬಂತು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮರುದಿನ ಮುಂಜಾನೆ ವಾಪಸು ಬರುವಾಗ ಬಸ್ಸು ಏರಿನಲ್ಲಿ ನಿಂತಿತು. ಎಲ್ಲರೂ ಇಳಿದು ನೂಕಿದೆವು. ನನ್ನ ಪಕ್ಕದಲ್ಲೇ ಗೆಳೆಯ ಭುಜ ಕೊಟ್ಟಿದ್ದ. ಡ್ರೈವರು ಇದ್ದಿಲು ತುಂಬಿ, ಕೆಂಡವಾಗುವ ತನಕ ಕೂಡ್ರಿ ಎಂದ. ಬೇವಿನ ಮರದ ಕೆಳಗೆ ಕೂತೆವು. ಅವನು ಎಂದಿನಂತೆ ತುಸು ದೂರ ಕೂತ. ನಮ್ಮವರು ಮಾನ್ವಿಗೆ ಯಾರನ್ನು ನಿಲ್ಲಿಸೋಣ ಎಂದು ಮತ್ತೆ ಶುರುಮಾಡಿದರು. ನಾನು ಎದ್ದು ನಿಂತೆ. ಚರಬಿ ನಾಯಿಗೆ ಹಾಕಿದ್ದು, ಅರ್ಧ ಬಟ್ಟಲು ಎಣ್ಣೆ ಕುಡಿಸಿದ್ದು, ನಿನ್ನೆ ಊಟದಲ್ಲಿ ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಕಕ್ಕಿದೆ. ಅಂಗಿ ಎಳೆದು ಕಲೆಯನ್ನೂ ತೋರಿಸಿದೆ.

ಕಪ್ತಾನ ಗೆಳೆಯನ ಕಡೆ ತಿರುಗಿ ನಿನಗೆ ಗೊತ್ತಿತ್ತೇನು ಎಂದ. ಮೊದಲನೇ ಸಲ ಮುಟ್ಟಿದಾಗಲೇ ಗೊತ್ತಾಯಿತು, ತೊಗಲಿನ ಮನೆಯಲ್ಲಿ ಹುಟ್ಟಿದವನಿಗೆ ಅಷ್ಟು ತಿಳಿಯುವುದಿಲ್ಲವೇ ಎಂದ ಅವನು.

“ಮತ್ತ ಯಾಕ ಹೇಳಲಿಲ್ಲ?” ಎಂದೆ ನಾನು.

ಅವನು ಅಂಗೈಯ ಇದ್ದಿಲ ಮಸಿಯನ್ನು ಉಜ್ಜಿಕೊಳ್ಳುತ್ತ ಹೇಳಿದ: “ಹೇಳಿದ್ರ ಇವ್ರು ನಿನ್ನ ಮತ್ತ ಬಸ್ ಹತ್ತಿಸಿಕೊಂತಿದ್ದಿಲ್ಲ. ಹೆಸರು ಹಿಡಿದು ಒದರಾಂವ ನೀ ಒಬ್ಬನ ಅದೀ. ನಿನ್ನಿ ಬೈದ್ಯಲ್ಲ, ಅದನ್ನೂ ಹೆಸರು ಹಿಡಿದ ಬೈದಿ.”

ನನಗೆ ಅಳು ಬಂತು, ಅತ್ತುಬಿಟ್ಟೆ. ಒದರಲು ಸಲೀಸೆಂದು ನಾನು ಒದರಿದ್ದನ್ನು ಅವನು ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದ. ಒಂದು ಸಂಜೆ ಒಂದು ರಾತ್ರಿ ನನ್ನ ತಪ್ಪನ್ನೂ ಹೊತ್ತಿದ್ದ. ಆಮೇಲಿನ ಬಾಳಿನಲ್ಲಿ ನನಗೆ ಉಪಕಾರ ಮಾಡಿದವರು ಬಹಳ ಜನ. ಅವರೆಲ್ಲರಿಗಿಂತ ಮೊದಲು ನೆನಪಾಗುವವನು ಅವನೇ.

ಕಪ್ತಾನ ಎದ್ದು ಧೂಳು ಕೊಡವಿಕೊಂಡು ನನಗೆ ಹೇಳಿದ: “ಮಾನ್ವಿಗೆ ಕೀಪರ್ ಇಂವನ. ಚೆಂಡಿಗೆ ಚರಬಿ ನೀನ ಹಚ್ಚು, ನನ್ನ ಕಣ್ಣ ಮುಂದ.”

ಹಚ್ಚಿದೆ. ಕೈಯ ವಾಸನೆ ಅವ್ವನ ಮೂಗಿಗೆ ಬಡಿಯಿತು. ಮೂರು ಸಲ ಸೀಗೆಪುಡಿ ಹಾಕಿ ಕೈ ತೊಳೆಸಿ ಊಟಕ್ಕೆ ಬಡಿಸಿದಳು, ಒಂದು ಮಾತೂ ಬೈಯಲಿಲ್ಲ. ಅವಳಿಗೂ ನಾನು ಋಣಿ.

ಮಾನ್ವಿಯಲ್ಲಿ ನಾವು ಎರಡು ಗೋಲಿನಿಂದ ಸೋತೆವು. ಈ ಸಲ ಚೆಂಡಿನದೇನೂ ತಪ್ಪಿರಲಿಲ್ಲ, ಅವರು ಚೆನ್ನಾಗಿ ಆಡಿದರು. ಆದರೆ ಆ ದಿನದಿಂದ ನನ್ನಲ್ಲಿ ಉಳಿದಿರುವುದು ಆಟ ಶುರುವಾಗುವ ಮುಂಚಿನ ಒಂದು ಗಳಿಗೆ. ಗೆಳೆಯ ಗೋಲಿನ ಹಿಂದೆ ಬಂದು ನನ್ನ ಕೈಯಿಂದ ಚೆಂಡು ತೆಗೆದುಕೊಂಡ, ಒತ್ತಿ ನೋಡಿದ, ಮೂಸಿದ, ನಕ್ಕ.

“ಈಗ ಒದರು,” ಎಂದ.

ನಾನು ಬಾಯಿ ತೆರೆಯುವುದರೊಳಗೆ ನನ್ನ ಎರಡೂ ಬದಿಯಲ್ಲಿ ನಿಂತಿದ್ದ ನಮ್ಮ ಕಾಲೇಜಿನ ಒದರುವ ಹುಡುಗರು ಆ ಎರಡಕ್ಷರದ ಹೆಸರನ್ನು ಕೂಗಿದರು.