ಮೂರನೇ ಕಂಬದ ನೆರಳು

ಒಣಗಿದ ಪಾಚಿಗೆ ನೀರು ಬಿದ್ದಾಗ ಏಳುವ ವಾಸನೆ ನನಗೆ ಮರೆತೇಹೋಗಿತ್ತು. ಹೋದ ತಿಂಗಳು ಒಂದು ಬೆಳಿಗ್ಗೆ, ಕೊಯಮತ್ತೂರಿನ ಹಳೆಯ ಕಟ್ಟಡಗಳನ್ನು ನೋಡುತ್ತ ತಿರುಗುವ ಗುಂಪಿನ ಜೊತೆ, ಪೇರೂರಿನಾಚೆ ಹಳ್ಳದ ಮೇಲೆ ಹಾಯ್ದಿರುವ ಕಲ್ಲಿನ ಮೇಲ್ಗಾಲುವೆಗೆ ಹೋಗಿದ್ದೆ. ಅದರಲ್ಲಿ ಹನಿ ನೀರಿರಲಿಲ್ಲ. ಯಾರೋ ಬಾಟಲಿ ಬಗ್ಗಿಸಿ ಕೈ ತೊಳೆದರು. ಅಷ್ಟಕ್ಕೇ ಆ ವಾಸನೆ ಎದ್ದಿತು; ಅದರ ಜೊತೆಗೆ ಅಜ್ಜಿಯ ಒದ್ದೆ ಸೆರಗು, ಅರಿಶಿನದ ಹಸಿ ಎಲೆ, ಕೆಂಪು ಹೆಂಚಿನ ಮನೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ಇಲ್ಲದ್ದು.

ನಾನು ಚಿಕ್ಕವಳಿದ್ದಾಗ ಈ ಮೇಲ್ಗಾಲುವೆ ಮುಗಿಯುವಲ್ಲಿ ನೀರು ಬಿಡುವ ಎರಡು ಬಾಯಿಗಳಿದ್ದವು. ಒಂದು ಅಜ್ಜಿಯ ಹೊಲಕ್ಕೆ, ಇನ್ನೊಂದು ಪಾಲಾಗಿ ಬೇರೆ ಹೋಗಿದ್ದ ದೊಡ್ಡಪ್ಪನ ಹೊಲಕ್ಕೆ. ಸೂರ್ಯ ಹುಟ್ಟಿದಾಗಿನಿಂದ ಮೇಲ್ಗಾಲುವೆಯ ಮೂರನೇ ಕಂಬದ ನೆರಳು ಕೆಳಗಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಇಳಿಯುವವರೆಗೆ ನೀರು ಅಜ್ಜಿಯದು. ಇಳಿದ ಮೇಲೆ, ದೊಡ್ಡಪ್ಪನ ಕಡೆಯ ಬಾಯಿಗೆ ನೀರು ತಡೆಯಲು ಒತ್ತಿದ ಹುಲ್ಲುಮಣ್ಣಿನ ಹೆಂಟೆಯನ್ನು ತೆಗೆದು ನಮ್ಮ ಕಡೆಯ ಬಾಯಿಗೆ ಒತ್ತಬೇಕು. ಅದನ್ನು ಕೊಡುವವರ ಮನೆಯ ಕೈಯೇ ಮಾಡಬೇಕು, ಪಡೆಯುವವರು ಮುಟ್ಟುವಂತಿಲ್ಲ. ಒಮ್ಮೆ ಕೊಟ್ಟ ಹೊತ್ತನ್ನು ಮತ್ತೆಂದೂ ಹಿಂದಕ್ಕೆ ಕೇಳುವಂತೆಯೂ ಇಲ್ಲ.

ನನಗೆ ಆಗ ಒಂಬತ್ತು ವರ್ಷ. ಅಜ್ಜಿ ಹೊಲದ ಆ ತುದಿಯಲ್ಲಿದ್ದಳು. ದೊಡ್ಡಪ್ಪ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, "ನೆರಳು ಇಳೀತು ಕಣ್ಣು, ಹೆಂಟೆ ಎತ್ತು" ಎಂದ; ತಮಿಳರ ಮುದ್ದಿನಂತೆ ನನ್ನನ್ನು ಅವನು 'ಕಣ್ಣು' ಎಂದೇ ಕರೆಯುತ್ತಿದ್ದ. ಕಲ್ಲು ಅರ್ಧ ಇನ್ನೂ ಕಪ್ಪಗಿತ್ತು. ನಾನು ಕಂಡೆ. ಆದರೆ ದೊಡ್ಡವರು ಹೇಳಿದ ಮೇಲೆ ಕಣ್ಣನ್ನು ನಂಬುವ ಅಭ್ಯಾಸ ನಮ್ಮ ಮನೆಯಲ್ಲಿರಲಿಲ್ಲ. ಎತ್ತಿದೆ. ಮರುದಿನವೂ ಅವನು ಅದೇ ಹೊತ್ತಿಗೆ ಬಂದು ನಿಂತ. ಅಜ್ಜಿ ತಡೆದಾಗ ಊರ ಹಿರಿಯರನ್ನು ಕರೆದು, "ಅವರ ಮನೆ ಕೈಯೇ ಕೊಟ್ಟಿದೆ, ಕೇಳಿ" ಎಂದ. ಅವರು ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿ ಹೌದೆಂದೆ. ಆಮೇಲೆ ಕಡೆಯ ಸಾಲುಗಳ ಅರಿಶಿನಕ್ಕೆ ನೀರು ಮುಟ್ಟಲೇ ಇಲ್ಲ. ಮರುವರ್ಷ ಅಜ್ಜಿ ಹೊಲವನ್ನೂ ಮನೆಯನ್ನೂ ಅವನಿಗೇ ಬಿಟ್ಟುಕೊಟ್ಟು, ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಪಂಪಿನ ವರ್ಕ್‌ಶಾಪಿನ ಪಕ್ಕದ ಒಂದು ಕೋಣೆಗೆ ಬಂದಳು. ಸಾಯುವವರೆಗೂ ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನು ದೊಡ್ಡಪ್ಪನನ್ನು ಇಷ್ಟು ದ್ವೇಷಿಸುತ್ತಿರಲಿಲ್ಲವೇನೋ.

ಹೋದ ತಿಂಗಳ ಆ ಬೆಳಿಗ್ಗೆ ಅವನು ಅದೇ ದಂಡೆಯ ಮೇಲೆ, ಹೆಗಲ ಮೇಲೆ ಟವೆಲು ಹಾಕಿಕೊಂಡು, ಬಂದವರಿಗೆಲ್ಲ ತಮಿಳಿನಲ್ಲಿ ರಾಜರ ಕಾಲದ ಕತೆ ಹೇಳುತ್ತಿದ್ದ. ಕಟ್ಟಿದ್ದು ರಾಜರು, ಕಾಪಾಡಿದ್ದು ತಾನು. ನನ್ನ ಗುರುತು ಹಿಡಿದು ಕನ್ನಡಕ್ಕೆ ಹೊರಳಿದ. "ಯಾರು, ನಮ್ಮ ಕೂಸಾ? ಬಾ ಕಣ್ಣು, ಓದಿ ಓದಿ ಒಣಗಿಹೋಗಿದ್ದೀಯಲ್ಲ!" ಮತ್ತೆ ತಮಿಳಿನಲ್ಲಿ, ನಗುತ್ತ, ಎಲ್ಲರಿಗೂ ಹೇಳಿದ: "ನನಗೆ ನೀರು ಎತ್ತಿಕೊಟ್ಟ ಮಹಾಲಕ್ಷ್ಮಿ ಇವಳೇ!"

ಜನ ನನ್ನತ್ತ ನೋಡಿ ನಕ್ಕರು. ಅವರಿಗೂ ತಿಳಿಯಲೆಂದು ನಾನೂ ತಮಿಳಿನಲ್ಲೇ ಹೇಳಿದೆ: "ನೆರಳು ಇಳಿದಿರಲಿಲ್ಲ, ಪೆರಿಯಪ್ಪಾ. ಅರ್ಧ ಕಲ್ಲಿನ ಮೇಲಿತ್ತು. ನಿಮಗೂ ಗೊತ್ತಿತ್ತು."

ನಗು ನಿಂತಿತು. ಅವನು ಟವೆಲು ಕೊಡವಿ, ನನಗೊಬ್ಬಳಿಗೇ ತಿಳಿಯುವಂತೆ ಕನ್ನಡದಲ್ಲಿ, "ನೀರೇ ಇಲ್ಲ ಈಗ, ನೆರಳು ಎಲ್ಲಿದ್ದರೇನು?" ಎಂದು ಎದ್ದುಹೋದ.

ಗುಂಪಿನವರು ವ್ಯಾನಿನತ್ತ ನಡೆದರು. ನಾನು ಅಜ್ಜಿಯ ಹೊಲದ ಕಡೆಯ ಬಾಯಿಯ ಬಳಿ ನಿಂತೆ. ಅಲ್ಲಿ ಪ್ಲಾಸ್ಟಿಕ್ ತುಂಬಿತ್ತು. ಒಗೆಯುವ ಕಲ್ಲು ಮಾತ್ರ ಅಲ್ಲೇ ಇತ್ತು, ಇನ್ನೂ ಅರ್ಧ ಕಪ್ಪಗೆ. ವ್ಯಾನು ಎರಡು ಸಲ ಹಾರ್ನ್ ಮಾಡಿತು. ನೆರಳು ಪೂರ್ತಿ ಇಳಿಯುವವರೆಗೆ ನಾನು ಕದಲಲಿಲ್ಲ. ಅಷ್ಟು ಹೊತ್ತು ಅವಳದು.